ಜೀರಿಗೆ ಬಿದ್ದ ತಕ್ಷಣ ಎಲ್ಲ ಅಡುಗೆಯೂ ನಮ್ಮ ಸಾರಿನ ಹಾಗೇ ಆಗುತ್ತದೆ, ಏನು ಮಾಡಲಿ?

ಮೈಸೂರು ಮಲ್ಲಿಗೆ (ಭಾನುವಾರ, ಬೆಳಿಗ್ಗೆ 9:12)

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ಇದೆ, ಸ್ವಲ್ಪ ಉದ್ದ. ಸಮಾಧಾನವಾಗಿ ಓದಿ.

ಮೊಮ್ಮಕ್ಕಳಿಗೆ ರಜೆ, ಇಬ್ಬರೂ ನಮ್ಮ ಮನೆಯಲ್ಲೇ ಇದ್ದಾರೆ. ದೊಡ್ಡವನಿಗೆ ಹನ್ನೊಂದು ವರ್ಷ. ಗೋಡೆಗೆ ಭೂಪಟ ಅಂಟಿಸಿಕೊಂಡಿದ್ದಾನೆ, ಪ್ರತಿ ಶನಿವಾರ ಒಂದು ದೇಶದ ಮೇಲೆ ಬೆರಳಿಡುತ್ತಾನೆ. ಅವತ್ತು ರಾತ್ರಿ ಆ ದೇಶದ ಅಡುಗೆ ಆಗಬೇಕು. ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಹುಡುಕಿ ನೋಡಿದರೆ ಎಷ್ಟೋ ದೇಶಗಳ ಅಡುಗೆಯಲ್ಲಿ ಜೀರಿಗೆ ಇದೆ. ಅದಂತೂ ನಮ್ಮ ಮನೆಯಲ್ಲಿ ಯಾವತ್ತೂ ಇರುತ್ತದೆ, ಅಲ್ಲಿಂದಲೇ ಶುರು ಮಾಡೋಣ ಅಂದುಕೊಂಡೆ.

ಮೊದಲ ವಾರ ಅಮೆರಿಕದ ಟೆಕ್ಸಾಸ್ ಕಡೆಯ ಚಿಲಿ ಅನ್ನುವ ಮೆಣಸಿನ ಗಟ್ಟಿ ಗೊಜ್ಜು, ಮಾಂಸದ ಬದಲು ರಾಜ್ಮಾ ಹಾಕಿ. ಎರಡನೇ ವಾರ ಟರ್ಕಿಯ ಬೇಳೆ ಸೂಪು. ನಿನ್ನೆ ಈಜಿಪ್ಟಿನ ಕೊಶರಿ. ಮೂರೂ ಚೆನ್ನಾಗಿಯೇ ಇದ್ದವು, ಆದರೆ ಮೂರೂ ಒಂದೇ ಥರ ಇದ್ದವು. ನಿನ್ನೆ ಚಿಕ್ಕವಳು ಎರಡು ತುತ್ತು ತಿಂದು, "ಅಜ್ಜಿ, ಇದು ಬೇಳೆ ಸಾರು ಅನ್ನಾನೇ ಅಲ್ವಾ?" ಎಂದಳು. ಮಗು ಹೇಳಿದ್ದು ಸರಿಯಾಗಿಯೇ ಇತ್ತು.

ನಾನು ಮಾಡುವುದು ಹೀಗೆ. ಬಾಣಲೆಗೆ ಎಣ್ಣೆ, ಕಾದ ಮೇಲೆ ಜೀರಿಗೆ, ಅದು ಚಟಪಟ ಅಂದ ಮೇಲೆ ಬೆಳ್ಳುಳ್ಳಿ, ಈರುಳ್ಳಿ, ಆಮೇಲೆ ಉಳಿದದ್ದು. ಇಂಗು, ಕರಿಬೇವು ಹಾಕಲೇ ಇಲ್ಲ. ಆದರೂ ಹೀಗೇಕೆ? ಅವರ ಜೀರಿಗೆಯೇ ಬೇರೆಯೇ? ಅಂಗಡಿಯಲ್ಲಿ ಶಾಜೀರಿಗೆ ಅಂತ ಸಿಗುತ್ತದಲ್ಲ, ಅದನ್ನು ತರಬೇಕೇ?

ಬಸವನಗುಡಿ ಬೆಣ್ಣೆ

ಒಗ್ಗರಣೆ ಬಿಡಿ ಅಮ್ಮ. ಅಷ್ಟೇ.

ಹ್ಯೂಸ್ಟನ್ ಹೆಗ್ಗಡತಿ

ಜೀರಿಗೆ ಅದೇ ಅಮ್ಮ. ನಾನು ಇಲ್ಲಿ ಟೆಕ್ಸಾಸ್‌ನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ, ಊರಿಂದ ತಂದ ಜೀರಿಗೆಯಲ್ಲೇ ಚಿಲಿ ಮಾಡುತ್ತೇನೆ. ಪಕ್ಕದ ಮನೆಯವರು ತಿಂದು ತಮ್ಮ ಮನೆಯದ್ದರ ಹಾಗೇ ಇದೆ ಅನ್ನುತ್ತಾರೆ.

ವ್ಯತ್ಯಾಸ ಎರಡು. ಒಂದು, ಇಲ್ಲಿ ಇಡೀ ಜೀರಿಗೆ ಸಿಡಿಸುವುದಿಲ್ಲ. ಪುಡಿ ಹಾಕುತ್ತಾರೆ. ಅದನ್ನೂ ಈರುಳ್ಳಿ ಬೆಂದ ಮೇಲೆ ಹಾಕಿ, ಮೆಣಸಿನ ಜೊತೆ ಅರ್ಧ ನಿಮಿಷ ಬಾಡಿಸಿ, ತಕ್ಷಣ ಟೊಮೆಟೊ ಸುರಿಯುತ್ತಾರೆ. ಎರಡು, ಮೆಣಸಿನಕಾಯಿ. ಇಲ್ಲಿಯವರು ಬಳಸುವ ಆಂಚೊ ಅನ್ನುವ ಒಣಮೆಣಸು ಕಪ್ಪುಗೆಂಪು, ಖಾರ ಕಡಿಮೆ, ಒಣದ್ರಾಕ್ಷಿಯಂಥ ವಾಸನೆ. ನಿಮ್ಮ ಹತ್ತಿರ ಬ್ಯಾಡಗಿ ಇದ್ದೇ ಇರುತ್ತದೆ. ಎಂಟು ಬ್ಯಾಡಗಿ ಬೀಜ ತೆಗೆದು, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನಾಲ್ಕು ಎಸಳು ಬೆಳ್ಳುಳ್ಳಿ ಜೊತೆ ನುಣ್ಣಗೆ ರುಬ್ಬಿ. ಪುಡಿ ಹಾಕಬೇಡಿ, ರುಬ್ಬಿದ್ದೇ ಬೇಕು. ಕೊನೆಗೆ ಒಣಗಿದ ಒರಿಗ್ಯಾನೊ ಒಂದು ಚಮಚ, ಅಂಗೈಯಲ್ಲಿ ತಿಕ್ಕಿ ಹಾಕಿ. ಒರಿಗ್ಯಾನೊ ಬಿದ್ದ ಕ್ಷಣ ಸಾರಿನ ನೆನಪು ಹೋಗುತ್ತದೆ, ನೋಡಿ ಬೇಕಾದರೆ.

ಇನ್ನೊಂದು ಮಾತು. ಅಮೆರಿಕದ ರೆಸಿಪಿಯಲ್ಲಿ "ಚಿಲಿ ಪೌಡರ್" ಅಂತ ಇದ್ದರೆ ಅದು ಬರೀ ಮೆಣಸಿನಪುಡಿ ಅಲ್ಲ. ಅದರೊಳಗೇ ಜೀರಿಗೆ, ಒರಿಗ್ಯಾನೊ, ಬೆಳ್ಳುಳ್ಳಿ ಎಲ್ಲ ಇರುತ್ತದೆ. ನಮ್ಮ ಸಾರಿನಪುಡಿ ಇದ್ದ ಹಾಗೆ, ಅದು ಅವರ ಚಿಲಿಪುಡಿ. 1890ರ ದಶಕದಲ್ಲಿ ಟೆಕ್ಸಾಸ್‌ನ ವಿಲಿಯಂ ಗೆಬ್‌ಹಾರ್ಟ್ ಎಂಬ ಜರ್ಮನ್ ಮೂಲದವರು ಅಂಥ ಪುಡಿ ಮಾಡಿ ಮಾರಲು ಶುರು ಮಾಡಿದರು. ನಮ್ಮ ಮೆಣಸಿನಪುಡಿಯನ್ನು ಅದೇ ಅಳತೆಯಲ್ಲಿ ಹಾಕಿದರೆ ಮಕ್ಕಳು ಬಾಯಿ ಇಡಲಾರರು.

ಗದಗಿನ ಗೆಳೆಯ

ಮೆಕ್ಸಿಕೋದವರು ಎಲ್ಲದಕ್ಕೂ ಜೀರಿಗೆ ಹಾಕುತ್ತಾರೆ ಅಂತ ಕೇಳಿದ್ದೆ. ಹಾಗಾದರೆ ಚಿಲಿಯೂ ಅಲ್ಲಿಂದಲೇ ಬಂದಿದ್ದು ಅಲ್ವಾ?

ಹ್ಯೂಸ್ಟನ್ ಹೆಗ್ಗಡತಿ

ಇಲ್ಲ ಅಣ್ಣ, ಇದು ತುಂಬಾ ಜನ ತಪ್ಪು ತಿಳಿಯುವ ವಿಷಯ. ಮೆಕ್ಸಿಕೋ ಒಳಗೆ ಜೀರಿಗೆ ಮಿತವಾಗಿ ಬಳಸುತ್ತಾರೆ. ಒಂದು ದೊಡ್ಡ ಪಾತ್ರೆಗೆ ಚಿಟಿಕೆ ಹಾಕಿದರೆ ಹೆಚ್ಚು. ಎದ್ದು ಕಾಣುವಷ್ಟು ಹಾಕುವುದು ಗಡಿಯ ಈಚೆ, ಟೆಕ್ಸಾಸ್‌ನಲ್ಲಿ. ಚಿಲಿ ಹೆಸರಾದದ್ದು ಸ್ಯಾನ್ ಆಂಟೋನಿಯೊ ಊರಿನಲ್ಲಿ. ಅಲ್ಲಿನ ಚೌಕಗಳಲ್ಲಿ ಹೆಂಗಸರು ಸಂಜೆ ಹೊತ್ತು ದೀಪ ಹಚ್ಚಿಕೊಂಡು ಚಿಲಿ ಮಾರುತ್ತಿದ್ದರು. 1930ರ ದಶಕದವರೆಗೂ ಇದ್ದರು. ಅವರನ್ನು ಚಿಲಿ ರಾಣಿಯರು ಅಂತಲೇ ಕರೆಯುತ್ತಿದ್ದರು. 1977ರಲ್ಲಿ ಟೆಕ್ಸಾಸ್ ಅದನ್ನು ತನ್ನ ರಾಜ್ಯದ ಅಡುಗೆ ಅಂತ ಘೋಷಿಸಿತು. ಅಂದಹಾಗೆ ಇಲ್ಲಿನ ಹಳಬರ ಮುಂದೆ ಚಿಲಿಗೆ ರಾಜ್ಮಾ ಹಾಕಿದೆ ಅನ್ನಬೇಡಿ, ಜಗಳ ಆಗುತ್ತದೆ. ಅವರ ಪ್ರಕಾರ ಕಾಳು ಹಾಕಿದರೆ ಅದು ಚಿಲಿಯೇ ಅಲ್ಲ.

ಬಸವನಗುಡಿ ಬೆಣ್ಣೆ

ನಮ್ಮಲ್ಲಿ ಪುಳಿಯೋಗರೆಗೆ ಈರುಳ್ಳಿ ಹಾಕಿದ ಹಾಗೆ.

ಕೈರೋದಿಂದ ಬಂದವನು

ಕೊಶರಿ ಬಗ್ಗೆ ನಾನು ಹೇಳುತ್ತೇನೆ. ಆರು ವರ್ಷ ಕೈರೋದಲ್ಲಿ ಕೆಲಸ ಮಾಡಿದ್ದೇನೆ. ಅಲ್ಲಿ ಸಸ್ಯಾಹಾರಿಯಾಗಿ ಬದುಕಿದ್ದೇ ಕೊಶರಿ ತಿಂದು.

ಅಮ್ಮ, ನೀವು ಜೀರಿಗೆಯನ್ನು ಅನ್ನಕ್ಕೂ ಬೇಳೆಗೂ ಒಗ್ಗರಣೆ ಹಾಕಿದ್ದೀರಿ ಅಂತ ಕಾಣುತ್ತದೆ. ಹಾಗೆ ಮಾಡಿದರೆ ಅದು ಕಿಚಡಿಯೇ. ಕೊಶರಿಯಲ್ಲಿ ಜೀರಿಗೆ ಮುಖ್ಯವಾಗಿ ಇರುವುದು "ದಕ್ಕಾ" ಅನ್ನುವ ಹುಳಿನೀರಿನಲ್ಲಿ. ಅನ್ನ, ಸಿಪ್ಪೆ ಇರುವ ಕಂದು ಮಸೂರ, ಮ್ಯಾಕರೋನಿ, ಬೇಯಿಸಿದ ಕಾಬೂಲ್ ಕಡಲೆ, ಟೊಮೆಟೊ ಗೊಜ್ಜು, ಮೇಲೆ ಗರಿಗರಿ ಕರಿದ ಈರುಳ್ಳಿ. ಇಷ್ಟನ್ನೂ ಬೇರೆ ಬೇರೆ ಮಾಡಿ, ಬಟ್ಟಲಲ್ಲಿ ಒಂದರ ಮೇಲೊಂದು ಹಾಕಿ, ಕೊನೆಗೆ ದಕ್ಕಾ ಚಿಮುಕಿಸಬೇಕು.

ದಕ್ಕಾ ಮಾಡುವುದು ಹೀಗೆ. ಐದು ಎಸಳು ಬೆಳ್ಳುಳ್ಳಿ ಉಪ್ಪಿನ ಜೊತೆ ಕುಟ್ಟಾಣಿಯಲ್ಲಿ ಕುಟ್ಟಿ. ಅದಕ್ಕೆ ಒಂದು ಚಮಚ ಜೀರಿಗೆ ಪುಡಿ, ಅರ್ಧ ಚಮಚ ಕೊತ್ತಂಬರಿ ಪುಡಿ, ಕಾಲು ಲೋಟ ವಿನೆಗರ್, ಅರ್ಧ ಲೋಟ ನೀರು, ಒಂದು ನಿಂಬೆಹಣ್ಣಿನ ರಸ. ಒಲೆ ಬೇಡ, ಎಣ್ಣೆ ಬೇಡ. ಒಂದು ಗಂಟೆ ಹಾಗೇ ಬಿಟ್ಟರೆ ಸಾಕು. ಅಲ್ಲಿನ ಅಂಗಡಿಗಳಲ್ಲಿ ಇದನ್ನು ಬಾಟಲಿಗೆ ತುಂಬಿ ಇಟ್ಟಿರುತ್ತಾರೆ. ಪುಡಿ ತಳಕ್ಕೆ ಕೂತಿರುತ್ತದೆ. ಬಾಟಲಿ ತಲೆಕೆಳಗೆ ಮಾಡಿ ಚೆನ್ನಾಗಿ ಕುಲುಕಿ ಸುರಿದುಕೊಳ್ಳಬೇಕು. ಮೊದಲ ದಿನ ನಾನು ಕುಲುಕದೆ ಸುರಿದೆ, ಬರೀ ವಿನೆಗರ್ ಬಂತು. ಅಂಗಡಿಯ ಮುದುಕರು ನನ್ನ ಕೈಯಿಂದ ಬಾಟಲಿ ತಗೊಂಡು, ತಾವೇ ಕುಲುಕಿ, ಹೀಗೆ ಅಂತ ತೋರಿಸಿ ವಾಪಸ್ ಕೊಟ್ಟರು. ಆ ಹಸಿ ಜೀರಿಗೆ, ಬೆಳ್ಳುಳ್ಳಿ, ಹುಳಿ ಮೂರೂ ಸೇರಿದ ವಾಸನೆ ಈಗಲೂ ನನಗೆ ಕೈರೋ ಬೀದಿಯೇ.

ಶೃಂಗೇರಿ ಶಾರದೆ

ಕೊಶರಿ ಅನ್ನುವ ಹೆಸರೇ ನಮ್ಮ ಕಿಚಡಿಯಿಂದ ಹೋಗಿದ್ದಂತೆ, ನಿಜವಾ?

ಕೈರೋದಿಂದ ಬಂದವನು

ಹಾಗೆ ಹೇಳುವವರು ಜಾಸ್ತಿ ಇದ್ದಾರೆ. 14ನೇ ಶತಮಾನದಲ್ಲಿ ಭಾರತಕ್ಕೆ ಬಂದ ಇಬ್ನ್ ಬತೂತ, ಇಲ್ಲಿನವರು ಹೆಸರುಕಾಳು ಮತ್ತು ಅಕ್ಕಿ ಬೇಯಿಸಿ ತುಪ್ಪ ಹಾಕಿ ತಿನ್ನುವುದನ್ನು ಬರೆದು, ಅದನ್ನು "ಕಿಶ್ರಿ" ಅಂತ ಕರೆದಿದ್ದಾನೆ. ಆದರೆ ಮ್ಯಾಕರೋನಿ, ಟೊಮೆಟೊ, ದಕ್ಕಾ ಇವು ಈಜಿಪ್ಟಿನಲ್ಲಿ ಸೇರಿದವು. ಈಗಿನ ಕೊಶರಿ ಅವರದ್ದೇ. ನಾವು ನಮ್ಮದು ಅಂತ ಎಳೆದುಕೊಳ್ಳುವುದು ಬೇಡ.

ಶೃಂಗೇರಿ ಶಾರದೆ

ಎಳೆದುಕೊಳ್ಳಲಿಲ್ಲ, ಕೇಳಿದೆ ಅಷ್ಟೇ. ಹೆಸರು ನಮ್ಮ ಕಡೆಯಿಂದ ಹೋಗಿದ್ದರೆ ಖುಷಿಪಡುವುದರಲ್ಲಿ ತಪ್ಪೇನು?

ಕೆಮಿಸ್ಟ್ರಿ ಮೇಷ್ಟ್ರು ತುಮಕೂರು

ಇಲ್ಲಿ ಎಲ್ಲರೂ ಹೇಳುತ್ತಿರುವುದಕ್ಕೆ ಕಾರಣ ಇದೆ. ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದ್ದೇನೆ, ಅಡುಗೆಮನೆಯೂ ನನಗೆ ಅಷ್ಟೇ ಇಷ್ಟ.

ಜೀರಿಗೆಯ ತೂಕದಲ್ಲಿ ನೂರಕ್ಕೆ ಎರಡರಿಂದ ಐದು ಪಾಲು ವಾಸನೆಯ ಎಣ್ಣೆ. ಅದರ ಮುಖ್ಯ ಅಂಶ ಕ್ಯುಮಿನಾಲ್ಡಿಹೈಡ್. ಇದು ನೀರಿನಲ್ಲಿ ಸರಿಯಾಗಿ ಕರಗದು, ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಹಾಗಾಗಿ ಎಣ್ಣೆಯಲ್ಲಿ ಸಿಡಿಸಿದರೆ ಅಡುಗೆಗೆಲ್ಲ ಹರಡುತ್ತದೆ. ಬಾಣಲೆಯಲ್ಲಿ ಒಣದಾಗಿ ಹುರಿದರೆ ಕತೆ ಬೇರೆ. ಬೀಜದಲ್ಲಿರುವ ಸಕ್ಕರೆ, ಪ್ರೋಟೀನು ಬಿಸಿಗೆ ಸೇರಿ ಹೊಸ ವಾಸನೆಗಳು ಹುಟ್ಟುತ್ತವೆ. ಕಡಲೆಕಾಯಿ ಹುರಿದಾಗ, ಬ್ರೆಡ್ ಸುಟ್ಟಾಗ ಬರುವಂಥವು. ಹಸಿಯಾಗಿ ಪುಡಿ ಮಾಡಿದರೆ ಇವೆರಡೂ ಇಲ್ಲ. ಸ್ವಲ್ಪ ಕಹಿ, ಸ್ವಲ್ಪ ಹುಲ್ಲಿನ ವಾಸನೆ, ತೀಕ್ಷ್ಣ. ಹುಳಿ ಜೊತೆ ಅದೇ ಚೆನ್ನಾಗಿ ಹೊಂದುವುದು.

ಹಾಗಾಗಿ ಒಂದೇ ಡಬ್ಬಿಯ ಜೀರಿಗೆಯಲ್ಲಿ ಮೂರು ಜೀರಿಗೆ ಇದೆ. ಅಮ್ಮ ಮೂರೂ ಅಡುಗೆಗೆ ಒಂದನ್ನೇ ಬಳಸಿದ್ದಾರೆ.

ಪುಡಿ ಮಾತ್ರ ಆಗಾಗ್ಗೆ ಮಾಡಿಕೊಳ್ಳಿ. ಪುಡಿ ಮಾಡಿದ ಮೇಲೆ ವಾಸನೆ ಬೇಗ ಹಾರಿಹೋಗುತ್ತದೆ. ತಿಂಗಳುಗಟ್ಟಲೆ ಇಟ್ಟ ಪುಡಿಯಲ್ಲಿ ಮಣ್ಣಿನ ವಾಸನೆ ಮಾತ್ರ ಉಳಿಯುತ್ತದೆ.

ಕುಂದಾಪುರದ ಸೊಸೆ

ಮೇಷ್ಟ್ರೇ, ಹಸಿ ಜೀರಿಗೆ ಅಂದರೆ ಏನೋ ಹೊರದೇಶದ್ದು ಅನ್ನುವ ಹಾಗೆ ಮಾತಾಡುತ್ತಿದ್ದೀರಿ ಎಲ್ಲರೂ. ನಮ್ಮ ಕರಾವಳಿಯಲ್ಲಿ ದಿನಾ ಹಸಿ ಜೀರಿಗೆಯೇ. ಕಾಯಿತುರಿ, ಹಸಿಮೆಣಸು, ಜೀರಿಗೆ, ಮೂರನ್ನೂ ಹಾಗೇ ರುಬ್ಬಿ ಬೆಂದ ತರಕಾರಿಗೆ ಹಾಕಿ ಒಂದು ಕುದಿ ಬರಿಸುತ್ತೇವೆ. ಮಜ್ಜಿಗೆ ಹುಳಿಗೆ ಎಲ್ಲ ಕಡೆಯವರೂ ಹಸಿ ಜೀರಿಗೆ ರುಬ್ಬುತ್ತಾರೆ. ತೊವ್ವೆಗೆ ಒಗ್ಗರಣೆ. ಸಾರಿನಪುಡಿಗೆ ಹುರಿದದ್ದು. ತಂಬುಳಿಗೆ ತುಪ್ಪದಲ್ಲಿ ಹುರಿದು ರುಬ್ಬಿದ್ದು. ಅಂದಮೇಲೆ ಎಲ್ಲ ವಿಧಾನವೂ ನಮ್ಮ ಕೈಯಲ್ಲೇ ಇದೆ. ಹೊರಗಿನ ಅಡುಗೆ ಮಾಡುವಾಗ ಮಾತ್ರ ಏಕೋ ಒಗ್ಗರಣೆ ಒಂದೇ ನೆನಪಾಗುತ್ತದೆ.

ಅಮ್ಮ, ಹೀಗೆ ನೆನಪಿಟ್ಟುಕೊಳ್ಳಿ. ಕೊಶರಿಯ ಜೀರಿಗೆ ಮಜ್ಜಿಗೆ ಹುಳಿಯ ಜೀರಿಗೆ. ಚಿಲಿಯ ಜೀರಿಗೆ ಸಾರಿನಪುಡಿಯ ಜೀರಿಗೆ.

ಮೈಸೂರು ಮಲ್ಲಿಗೆ

ಕುಂದಾಪುರದವರೇ, ಇದು ತಲೆಗೆ ಹತ್ತಿತು. ಮಜ್ಜಿಗೆ ಹುಳಿ ಅಂದ ತಕ್ಷಣ ಅರ್ಥವಾಯಿತು.

ಬರ್ಲಿನ್ ಬಳಗ

ಶಾಜೀರಿಗೆ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ. ಅದಕ್ಕೂ ಮುಂಚೆ ನನ್ನ ಅನುಭವ ಕೇಳಿ.

ಜರ್ಮನಿಗೆ ಬಂದ ಹೊಸತು. ನವೆಂಬರ್ ಚಳಿ, ನೆಗಡಿ, ಮೆಣಸು ಜೀರಿಗೆ ಸಾರು ಬೇಕು ಅನ್ನಿಸಿತು. ಅಂಗಡಿಯಲ್ಲಿ "ಕ್ಯುಮೆಲ್" ಅಂತ ಇತ್ತು. ಹೆಸರು ಕೇಳಿದರೆ ಕ್ಯುಮಿನ್ ಇದ್ದ ಹಾಗಿದೆ, ನೋಡಲೂ ಜೀರಿಗೆಯೇ. ತಂದು ತುಪ್ಪಕ್ಕೆ ಹಾಕಿದೆ. ಬಂದದ್ದು ಸೋಂಪೂ ಅಲ್ಲದ, ಸಬ್ಬಸಿಗೆಯೂ ಅಲ್ಲದ ಒಂದು ವಾಸನೆ. ಇಡೀ ಪಾತ್ರೆ ಸಾರು ಚೆಲ್ಲಿ ಅವತ್ತು ರಾತ್ರಿ ಬರೀ ಬಿಸಿನೀರು ಕುಡಿದು ಮಲಗಿದೆ. ಅದು ಕ್ಯಾರವೇ ಬೀಜ. ಇಲ್ಲಿಯವರು ಎಲೆಕೋಸಿನ ಉಪ್ಪಿನಕಾಯಿಗೆ, ಬ್ರೆಡ್ಡಿಗೆ ಹಾಕುತ್ತಾರೆ. ನಮ್ಮ ಜೀರಿಗೆಗೆ ಇಲ್ಲಿ "ಕ್ರೊಯಿಟ್ಸ್‌ಕ್ಯುಮೆಲ್" ಅನ್ನಬೇಕು. ಸ್ವೀಡನ್‌ನಲ್ಲೂ ಇದೇ ಪಾಡು. ಅಲ್ಲಿ "ಕುಮ್ಮಿನ್" ಅಂದರೆ ಕ್ಯಾರವೇ, "ಸ್ಪೀಸ್‌ಕುಮ್ಮಿನ್" ಅಂದರೆ ಜೀರಿಗೆ. ಮಕ್ಕಳನ್ನು ಆ ಕಡೆ ಓದಲು ಕಳಿಸುವವರು ಇದೊಂದು ಹೇಳಿ ಕಳಿಸಿ.

ಹಳೇಪೇಟೆ ಗ್ರಂದಿಗೆ

ನಮ್ಮದು ತಾತನ ಕಾಲದಿಂದ ಗ್ರಂದಿಗೆ ಅಂಗಡಿ. ಹೆಸರಿನ ಗೊಂದಲ ನಮಗೆ ದಿನಾ ಇದ್ದದ್ದೇ.

ಶಾಜೀರಿಗೆ ಅಂತ ಕೊಡುವುದು ತೆಳ್ಳಗೆ, ಕಂದುಕಪ್ಪು, ಸ್ವಲ್ಪ ಬಾಗಿರುತ್ತದೆ. ಬಿರಿಯಾನಿಗೆ ಹೋಗುತ್ತದೆ. ನಿಜವಾದದ್ದು ಕಾಶ್ಮೀರ, ಇರಾನ್, ಮಧ್ಯ ಏಷ್ಯಾ ಕಡೆಯ ಬೆಟ್ಟದ ಗಿಡದ್ದು, ಬೆಲೆ ಜಾಸ್ತಿ. ಎಷ್ಟೋ ಕಡೆ ಅದೇ ಹೆಸರಿನಲ್ಲಿ ಮೇಲೆ ಹೇಳಿದ ಕ್ಯಾರವೇ ಕೊಡುತ್ತಾರೆ. ಕೃಷ್ಣಜೀರಿಗೆ ಅಂತ ಕೆಲವರು ಕೇಳುವುದು ಕಲೋಂಜಿ. ಮೂಲೆ ಮೂಲೆ ಇರುವ ಕಪ್ಪು ಬೀಜ, ಅದು ಈ ಜಾತಿಯೇ ಅಲ್ಲ. ದೊಡ್ಡ ಜೀರಿಗೆ ಅಂದರೆ ಸೋಂಪು. ಹೀಗಾಗಿ ಯಾರೇ ಬಂದರೂ ಯಾವ ಅಡುಗೆಗೆ ಅಂತ ಮೊದಲು ಕೇಳಿ ಆಮೇಲೆ ಕೈ ಹಾಕುತ್ತೇನೆ.

ಮಲ್ಲಿಗೆ ಅಮ್ಮನವರಿಗೆ ಬೇಕಾದದ್ದು ಸಾದಾ ಜೀರಿಗೆ. ಶಾಜೀರಿಗೆಗೆ ದುಡ್ಡು ಹಾಕಬೇಡಿ.

ತಾಷ್ಕೆಂಟ್ ನೋಡಿದವಳು

ಒಂದು ಕಡೆ ಮಾತ್ರ ಶಾಜೀರಿಗೆ ಬೇಕು, ಉಜ್ಬೆಕಿಸ್ತಾನದ ಪಲೋವ್‌ಗೆ. ಅಲ್ಲಿ "ಜಿರಾ" ಅನ್ನುತ್ತಾರೆ, ಬೆಟ್ಟದ ಸಣ್ಣ ಕಪ್ಪನೆಯದಕ್ಕೇ ಬೆಲೆ. ಕುರಿಯ ಕೊಬ್ಬು, ಉದ್ದುದ್ದ ಹೆಚ್ಚಿದ ಹಳದಿ ಕ್ಯಾರೆಟ್, ಇಡೀ ಬೆಳ್ಳುಳ್ಳಿ ಗಡ್ಡೆ. ಜಿರಾವನ್ನು ಅಂಗೈಯಲ್ಲಿ ಉಜ್ಜಿ ಕ್ಯಾರೆಟ್ ಮೇಲೆ ಉದುರಿಸುತ್ತಾರೆ. ಸಿಡಿಸುವುದಿಲ್ಲ. 2016ರಲ್ಲಿ ಪಲೋವ್ ಯುನೆಸ್ಕೊದ ಪರಂಪರೆಯ ಪಟ್ಟಿಗೂ ಸೇರಿತು. ಅರಿಶಿನ, ಹಸಿಮೆಣಸು ಏನೂ ಇಲ್ಲದೆ ಅಷ್ಟು ರುಚಿ ಹೇಗೆ ಅಂತ ನನಗೆ ಆಶ್ಚರ್ಯ.

ಶಿವಾಜಿನಗರ ಸೀಕು

ಮಾಂಸದ ಮಾತು ಬಂತಲ್ಲ, ಚೀನಾದ ಜೀರಿಗೆ ಕುರಿಮಾಂಸ ಬಿಡಬೇಡಿ. ಚೀನಾ ಅಂದರೆ ಸೋಯಾ ಸಾಸ್ ಅಂತಲೇ ಅಂದುಕೊಂಡಿದ್ದೆ. ಕೆಲಸದ ಮೇಲೆ ಶಿಯಾನ್‌ಗೆ ಹೋದಾಗ, ಅಲ್ಲಿನ ಮುಸ್ಲಿಂ ಬೀದಿಯಲ್ಲಿ ರಾತ್ರಿ ಕಾಲಿಟ್ಟರೆ ಜೀರಿಗೆ ವಾಸನೆ! ಒಂದು ಕ್ಷಣ ರಂಜಾನ್ ಹೊತ್ತಿನ ನಮ್ಮ ಶಿವಾಜಿನಗರವೇ ಅನ್ನಿಸಿತು.

ಇದು ಮೂಲತಃ ಶಿನ್‌ಜಿಯಾಂಗ್‌ನ ಉಯ್ಗುರ್ ಜನರ ಅಡುಗೆ. ಚೀನೀ ಭಾಷೆಯಲ್ಲಿ ಜೀರಿಗೆಗೆ "ಜಿರಾನ್" ಅನ್ನುತ್ತಾರೆ. ಪಾರ್ಸಿಯ ಜೀರಾ ಆ ಕಡೆಯಿಂದ ನಡೆದುಹೋಗಿದೆ. ನಾನು ನಿಂತು ನೋಡಿದೆ. ಸಲಾಕೆಗೆ ಎರಡು ತುಂಡು ಮಾಂಸ, ಒಂದು ತುಂಡು ಕೊಬ್ಬು, ಮತ್ತೆ ಮಾಂಸ. ಉದ್ದನೆಯ ಕೆಂಡದ ಒಲೆ. ಕೊಬ್ಬು ಕರಗಿ ತೊಟ್ಟಿಕ್ಕಲು ಶುರುವಾದ ಮೇಲೆ ಅವನು ಒಂದು ಕೈಯಲ್ಲಿ ಹತ್ತು ಸಲಾಕೆ ಹಿಡಿದು ತಿರುಗಿಸುತ್ತಾ, ಇನ್ನೊಂದು ಕೈಯಲ್ಲಿ ಒರಟಾಗಿ ಕುಟ್ಟಿದ ಜೀರಿಗೆ, ಮೆಣಸಿನ ತರಿ, ಉಪ್ಪು ಎಸೆದ. ಕೊಬ್ಬಿಗೆ ಅಂಟಿದ್ದು ಅಂಟಿತು, ಉಳಿದದ್ದು ಕೆಂಡಕ್ಕೆ ಬಿದ್ದು ಹೊಗೆಯಾಯಿತು. ಆ ಹೊಗೆಯೂ ಮಾಂಸಕ್ಕೇ ಹತ್ತುತ್ತದೆ. ಮೊದಲೇ ಹಾಕಿದ್ದರೆ ಜೀರಿಗೆ ಸೀದು ಕಹಿಯಾಗುತ್ತಿತ್ತು.

ಬಸವನಗುಡಿ ಬೆಣ್ಣೆ

ಸಸ್ಯಾಹಾರಿಗಳಿಗೆ?

ಶಿವಾಜಿನಗರ ಸೀಕು

ಅಣಬೆ, ಪನೀರ್, ಬೇಯಿಸಿದ ಆಲೂಗಡ್ಡೆ, ಯಾವುದಾದರೂ ಸರಿ. ದೋಸೆಕಾವಲಿ ಚೆನ್ನಾಗಿ ಕಾಯಿಸಿ, ಎಣ್ಣೆ ಸ್ವಲ್ಪ ಧಾರಾಳವಾಗಿ ಹಾಕಿ, ಹೋಳು ಕೆಂಪಗಾಗುವವರೆಗೆ ಮುಟ್ಟಬೇಡಿ. ಕೊನೆಯ ಒಂದು ನಿಮಿಷದಲ್ಲಿ ಒಂದೂವರೆ ಚಮಚ ತರಿತರಿ ಜೀರಿಗೆ, ಒಂದು ಚಮಚ ಮೆಣಸಿನ ತರಿ, ಉಪ್ಪು, ಚಿಟಿಕೆ ಸಕ್ಕರೆ. ಜೀರಿಗೆ ಜಾಸ್ತಿ ಆಯಿತು ಅನ್ನಿಸಬೇಕು, ಅಷ್ಟು ಹಾಕಿ. ಇಲ್ಲಿ ಜೀರಿಗೆಯೇ ಮುಖ್ಯ, ಆಲೂಗಡ್ಡೆ ಅದನ್ನು ಹೊತ್ತುಕೊಳ್ಳುವುದು ಅಷ್ಟೇ.

ಧಾರವಾಡ ಫೇಡೆ

ಅದು ನಮ್ಮ ಜೀರಾ ಆಲೂ ಅಲ್ಲೇನು ಹಂಗಾದರ?

ಶಿವಾಜಿನಗರ ಸೀಕು

ಅಲ್ಲ ಅಣ್ಣ. ಜೀರಾ ಆಲೂದಲ್ಲಿ ಜೀರಿಗೆ ಮೊದಲು ಹೋಗುತ್ತದೆ, ಇಡಿಯಾಗಿ. ಇಲ್ಲಿ ಕೊನೆಗೆ, ಕುಟ್ಟಿದ್ದು. ಎರಡನ್ನೂ ಒಂದೇ ದಿನ ಮಾಡಿ ಪಕ್ಕಪಕ್ಕ ಇಟ್ಟು ತಿಂದು ನೋಡಿ, ಆಮೇಲೆ ಹೇಳಿ.

ಹಳೇಪೇಟೆ ಗ್ರಂದಿಗೆ

ಒಂದೂವರೆ ಚಮಚ ಅಂತ ಸಲೀಸಾಗಿ ಹೇಳುತ್ತಿದ್ದೀರಿ, ಈಗ ಪರವಾಗಿಲ್ಲ. 2023ರಲ್ಲಿ ಕ್ವಿಂಟಲ್‌ಗೆ 60 ಸಾವಿರ ರೂಪಾಯಿ ದಾಟಿತ್ತು. ನೂರು ಗ್ರಾಂ ಕೇಳುತ್ತಿದ್ದವರು ಐವತ್ತು ಗ್ರಾಂಗೆ ಇಳಿದರು. ದೇಶದ ಜೀರಿಗೆ ಹೆಚ್ಚುಕಡಿಮೆ ಪೂರ್ತಿ ಗುಜರಾತ್, ರಾಜಸ್ಥಾನದ್ದು. ದರ ನಿಲ್ಲುವುದು ಗುಜರಾತಿನ ಉಂಝಾ ಮಂಡಿಯಲ್ಲಿ. ಚಳಿಗಾಲದ ಬೆಳೆ, ಕೊಯ್ಲಿನ ಹೊತ್ತಿಗೆ ಒಂದು ಅಕಾಲದ ಮಳೆ ಬಂದರೆ ಸಾಕು, ಕಾಳು ಕಪ್ಪಾಗುತ್ತದೆ.

ಬೆಲೆ ಏರಿದಾಗ ಕಲಬೆರಕೆಯೂ ಏರುತ್ತದೆ. ಹುಲ್ಲಿನ ಬೀಜಕ್ಕೆ ಬಣ್ಣ ಕಟ್ಟಿ ಬೆರೆಸುತ್ತಾರೆ. ಮನೆಯಲ್ಲೇ ನೋಡಬಹುದು. ಸ್ವಲ್ಪ ಜೀರಿಗೆ ಅಂಗೈಯಲ್ಲಿ ಹಾಕಿ ಗಟ್ಟಿಯಾಗಿ ಉಜ್ಜಿ. ಕೈ ಕಪ್ಪಾದರೆ ಇದ್ದಿಲ ಪುಡಿ ಹಚ್ಚಿದ ಹುಲ್ಲಿನ ಬೀಜ ಸೇರಿದೆ ಅಂತ ಲೆಕ್ಕ. ಒಳ್ಳೆಯ ಜೀರಿಗೆಯಾದರೆ ಕೈಯಲ್ಲಿ ವಾಸನೆ ಮಾತ್ರ ಉಳಿಯಬೇಕು, ಕೈ ತೊಳೆದ ಮೇಲೂ.

ಹ್ಯೂಸ್ಟನ್ ಹೆಗ್ಗಡತಿ

ಇಲ್ಲೂ 2015ರ ಹೊತ್ತಿಗೆ ಜೀರಿಗೆ ಪುಡಿಯಲ್ಲಿ ಕಡಲೆಕಾಯಿ ಅಂಶ ಸಿಕ್ಕಿ, ಅದು ಸೇರಿದ್ದ ಎಷ್ಟೋ ತಿನಿಸುಗಳನ್ನು ಅಂಗಡಿಯಿಂದ ವಾಪಸ್ ತೆಗೆಸಿದರು. ಕಡಲೆಕಾಯಿ ಅಲರ್ಜಿ ಇರುವ ಮಕ್ಕಳಿಗೆ ಪ್ರಾಣಕ್ಕೇ ಅಪಾಯ. ಅವತ್ತಿನಿಂದ ನಾನು ಪುಡಿ ತರುವುದೇ ಬಿಟ್ಟೆ. ಇಡೀ ಕಾಳು ತಂದು ಮನೆಯಲ್ಲೇ ಪುಡಿ ಮಾಡುತ್ತೇನೆ.

ಸಾಗರದ ಮಿಡಿ

ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ಹೇಳಲೇಬೇಕು. ನಮ್ಮ ಸಾಗರ, ಹೊಸನಗರದ ಕಡೆ ಹೊಳೆಬದಿಯ ಅಪ್ಪೆಮಿಡಿಯಲ್ಲಿ ಜೀರಿಗೆ ಮಿಡಿ ಅಂತಲೇ ಒಂದು ಬಗೆ ಇದೆ. ತೊಟ್ಟು ಮುರಿದರೆ ಸೊನೆಯಲ್ಲೇ ಜೀರಿಗೆ ವಾಸನೆ. ಉಪ್ಪಿನಕಾಯಿಗೆ ಒಂದು ಕಾಳು ಜೀರಿಗೆ ಹಾಕದೆ ಜೀರಿಗೆ ಘಮ ಬರುತ್ತದೆ, ವರ್ಷಾನುಗಟ್ಟಲೆ ಇರುತ್ತದೆ. ಈಗ ಆ ಮರಗಳು ಕಡಿಮೆಯಾಗುತ್ತಿವೆ. ಮಿಡಿಗೆ ಅಂತ ಕೊಂಬೆಯನ್ನೇ ಕಡಿಯುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಶೃಂಗೇರಿ ಶಾರದೆ

ನಮ್ಮ ಮದುವೆಯಲ್ಲಿ ಜೀರಿಗೆ ಬೆಲ್ಲ ತಲೆಗೆ ಹಾಕಿಸಿಕೊಂಡಿದ್ದು ನೆನಪಾಯಿತು. ಮೂರು ದಿನ ಕೂದಲಲ್ಲಿ ಅದೇ ವಾಸನೆ.

ಇಜ್ಮಿರ್ ಇಂದಿರಾ

ಮತ್ತೆ ಅಡುಗೆಗೆ ಬರೋಣ. ಟರ್ಕಿಯ ಬೇಳೆ ಸೂಪು ಉಳಿದುಹೋಗಿದೆ. ನನ್ನ ಗಂಡ ಅಲ್ಲಿಯವರು, ಅತ್ತೆಯಿಂದ ಕಲಿತದ್ದು.

ಚನ್ನಂಗಿ ಬೇಳೆ ಒಂದು ಲೋಟ. ಈರುಳ್ಳಿ, ಒಂದು ಕ್ಯಾರೆಟ್ ಬೆಣ್ಣೆಯಲ್ಲಿ ಬಾಡಿಸಿ, ಬೇಳೆ, ಐದು ಲೋಟ ನೀರು ಹಾಕಿ ಪೂರ್ತಿ ಕರಗುವವರೆಗೆ ಬೇಯಿಸಿ ನುಣ್ಣಗೆ ಕಡೆಯಬೇಕು. ಜೀರಿಗೆ ಪುಡಿ ಅರ್ಧ ಚಮಚ ಬೇಯುವಾಗಲೇ ಹೋಗುತ್ತದೆ, ಹಿಂದೆ ನಿಲ್ಲುತ್ತದೆ. ಆಮೇಲೆ ಬೇರೆ ಬಾಣಲೆಯಲ್ಲಿ ಬೆಣ್ಣೆ ಕಾಯಿಸಿ, ಕೆಂಪು ಮೆಣಸಿನ ತರಿ, ಒಣ ಪುದೀನ ಹಾಕಿ ಸೂಪಿನ ಮೇಲೆ ಸುರಿಯುತ್ತಾರೆ. ತಿನ್ನುವಾಗ ನಿಂಬೆಹುಳಿ ಹಿಂಡಿಕೊಳ್ಳಬೇಕು, ಅದು ಕಡ್ಡಾಯ.

ಬಸವನಗುಡಿ ಬೆಣ್ಣೆ

ಒಂದು ನಿಮಿಷ. ಕಾದ ಬೆಣ್ಣೆಗೆ ಮೆಣಸು ಹಾಕಿ ಮೇಲೆ ಸುರಿಯುವುದು ಒಗ್ಗರಣೆಯೇ ಅಲ್ವಾ?

ಇಜ್ಮಿರ್ ಇಂದಿರಾ

ಒಗ್ಗರಣೆಯೇ. ಆದರೆ ಅದರಲ್ಲಿ ಜೀರಿಗೆ ಇಲ್ಲ. ಒಗ್ಗರಣೆಯಲ್ಲಿ ಪುದೀನ, ಪಾತ್ರೆಯಲ್ಲಿ ಜೀರಿಗೆ. ಜಾಗ ಬದಲಾದರೆ ಸೂಪು ಬದಲಾಗುತ್ತದೆ. ನಾನೂ ಮೊದಲ ಸಲ ಬೆಣ್ಣೆಗೆ ಜೀರಿಗೆ ಹಾಕಿ ಸಿಡಿಸಿದೆ. ಅತ್ತೆ ಒಂದು ಚಮಚ ಬಾಯಿಗಿಟ್ಟು, ಚೆನ್ನಾಗಿದೆ ಮಗಳೇ, ಇದು ನಿಮ್ಮ ಊರಿನ ಸೂಪು ಅಂದರು. ಪ್ರೀತಿಯಿಂದಲೇ ಅಂದರು. ಆಮೇಲೆ ಕೈ ಹಿಡಿದು ಕಲಿಸಿದರು.

ಅಲ್ಲಿ ಸಮುದ್ರದ ಆಚೆ ದಡದ ಗ್ರೀಕರೂ ಜೀರಿಗೆ ಹಾಕಿದ ಮಾಂಸದ ಉಂಡೆ ಮಾಡಿ ಟೊಮೆಟೊ ಗೊಜ್ಜಿನಲ್ಲಿ ಬೇಯಿಸುತ್ತಾರೆ, ಸುಟ್ಸುಕಾಕ್ಯ ಅಂತ. 1922ರಲ್ಲಿ ಟರ್ಕಿಯ ಇಜ್ಮಿರ್ ಬಿಟ್ಟು ಹೋಗಬೇಕಾದ ಗ್ರೀಕ್ ನಿರಾಶ್ರಿತರು ಹೊತ್ತುಕೊಂಡು ಹೋದ ಅಡುಗೆ. ಆಗ ಆ ಊರಿಗೆ ಸ್ಮಿರ್ನಾ ಅನ್ನುತ್ತಿದ್ದರು. ಮನೆ ಬಿಟ್ಟರು, ಜೀರಿಗೆ ಬಿಡಲಿಲ್ಲ. ಅತ್ತೆ ಈ ಮಾತು ಬಂದರೆ ಸುಮ್ಮನಾಗಿಬಿಡುತ್ತಾರೆ.

ಕೈರೋದಿಂದ ಬಂದವನು

ಮೊರಾಕ್ಕೊ ಸೇರಿಸಿ. ಅಲ್ಲಿ ಊಟದ ಮೇಜಿನ ಮೇಲೆ ಉಪ್ಪಿನ ಪಕ್ಕ ಜೀರಿಗೆ ಪುಡಿ ಇಟ್ಟಿರುತ್ತಾರೆ. ಬಿಸಾರಾ ಅನ್ನುವ ಒಣ ಕಾಳಿನ ಗಟ್ಟಿ ಸೂಪಿನ ಮೇಲೆ ಆಲಿವ್ ಎಣ್ಣೆ, ಜೀರಿಗೆ ಪುಡಿ. ಅವರ ಕಾಳು ನಮ್ಮಲ್ಲಿ ಸುಲಭಕ್ಕೆ ಸಿಗದು, ನಾನು ಅವರೆಬೇಳೆಯಲ್ಲಿ ಮಾಡುತ್ತೇನೆ. ಹತ್ತಿರ ಬರುತ್ತದೆ.

ಬರ್ಲಿನ್ ಬಳಗ

ಹಾಲೆಂಡಿನ ಲೈಡನ್ ಊರಿನ ಚೀಸಿನೊಳಗೇ ಇಡೀ ಜೀರಿಗೆ ಇರುತ್ತದೆ. ರೊಟ್ಟಿ ಜೊತೆ ಬಹಳ ಚೆನ್ನ.

ಮೈಸೂರು ಮಲ್ಲಿಗೆ (ಮುಂದಿನ ಭಾನುವಾರ, ಬೆಳಿಗ್ಗೆ 8:40)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಮತ್ತೆ ಕೊಶರಿಯೇ ಮಾಡಿದೆ. ದೊಡ್ಡವನು ಈಜಿಪ್ಟ್ ಆಗಲೇ ಆಗಿದೆ ಅಂತ ಗಲಾಟೆ ಮಾಡಿದ, ಇನ್ನೊಂದು ಸಲ ಅಂತ ಒಪ್ಪಿಸಿದೆ.

ಅನ್ನ, ಮಸೂರ ಎರಡಕ್ಕೂ ಒಗ್ಗರಣೆ ಹಾಕಲಿಲ್ಲ. ಕೈ ಎರಡು ಸಲ ಜೀರಿಗೆ ಡಬ್ಬಿಗೆ ಹೋಯಿತು, ತಡೆದೆ. ದಕ್ಕಾ ಮಧ್ಯಾಹ್ನವೇ ಮಾಡಿ ಜೇನುತುಪ್ಪದ ಖಾಲಿ ಬಾಟಲಿಗೆ ತುಂಬಿಟ್ಟೆ. ಚಿಕ್ಕವಳಿಗೆ ಬಾಟಲಿ ಕೊಟ್ಟು, ಕೈರೋದ ತಾತ ಹೇಳಿದ ಹಾಗೆ ಕುಲುಕು ಅಂದೆ. ಅವಳು ಎರಡೂ ಕೈಯಲ್ಲಿ ಹಿಡಿದು ಕುಲುಕಿ, ಎಲ್ಲರ ಬಟ್ಟಲಿಗೂ ತಾನೇ ಸುರಿದಳು. ಒಂದು ಚಮಚ ತಿಂದು ಮೂಗು ಸೊಟ್ಟ ಮಾಡಿದಳು. ನನಗೆ ಎದೆ ಧಸಕ್ ಅಂತು. ಆಮೇಲೆ ಮತ್ತೊಂದು ಚಮಚ, ಇನ್ನೊಂದು. ಬಟ್ಟಲು ಖಾಲಿ ಮಾಡಿ, "ಇದು ಸಾರಲ್ಲ" ಎಂದಳು. ನಮ್ಮ ಯಜಮಾನರು ಮಾತ್ರ ಹುಳಿ ಜಾಸ್ತಿ ಅಂತ ಮೊಸರನ್ನ ಕಲಸಿಕೊಂಡರು.

ಮುಂದಿನ ಶನಿವಾರ ಲೆಬನಾನ್ ಮೇಲೆ ಬೆರಳಿಟ್ಟಿದ್ದಾನೆ. ಫಲಾಫೆಲ್ ಅಂತೆ. ಪಕ್ಕದ ಮನೆಯವರು ಮಾಡಿದಾಗ ಎಣ್ಣೆಗೆ ಬಿದ್ದ ತಕ್ಷಣ ಒಡೆದು ಪುಡಿಪುಡಿ ಆಯಿತಂತೆ. ಏನು ಕಾರಣ?

ಕುಂದಾಪುರದ ಸೊಸೆ

ಕಡಲೆ ಬೇಯಿಸಿರುತ್ತಾರೆ, ನೂರಕ್ಕೆ ನೂರು. ಫಲಾಫೆಲ್‌ಗೆ ಕಾಬೂಲ್ ಕಡಲೆ ಬೇಯಿಸಬಾರದು. ಅಂಬೊಡೆಗೆ ಕಡಲೆಬೇಳೆ ಬೇಯಿಸುತ್ತೀರಾ? ಅದೇ ಲೆಕ್ಕ. ನೆನೆಸಿ, ನೀರು ಬಸಿದು, ತರಿಯಾಗಿ ರುಬ್ಬಬೇಕು. ಅದಕ್ಕೆ ಈರುಳ್ಳಿ, ಬೆಳ್ಳುಳ್ಳಿ, ಪಾರ್ಸ್ಲಿ (ಅದು ಸಿಗದಿದ್ದರೆ ಕೊತ್ತಂಬರಿ ಸೊಪ್ಪು), ಹಸಿ ಜೀರಿಗೆ ಪುಡಿ, ಕೊತ್ತಂಬರಿ ಬೀಜದ ಪುಡಿ.

ಕೈರೋದಿಂದ ಬಂದವನು

ಈಜಿಪ್ಟಿನಲ್ಲಿ ಕಡಲೆ ಬದಲು ಬೇರೆ ಕಾಳು ಹಾಕುತ್ತಾರೆ, ತಾಮಿಯಾ ಅನ್ನುತ್ತಾರೆ. ಒಳಗೆ ಹಸಿರು ಹಸಿರು. ನನಗೆ ಅದೇ ಹೆಚ್ಚು ಇಷ್ಟ. ಆದರೆ ಲೆಬನಾನ್ ಅಂದಮೇಲೆ ಕಡಲೆ ಇರಲಿ.

ಮೈಸೂರು ಮಲ್ಲಿಗೆ

ಎಷ್ಟು ಹೊತ್ತು ನೆನೆಯಬೇಕು? ರುಬ್ಬಿದ್ದು ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ಕುಂದಾಪುರದ ಸೊಸೆ

ಶುಕ್ರವಾರ ರಾತ್ರಿಯೇ ನೆನೆಹಾಕಿ, ಹನ್ನೆರಡು ಗಂಟೆ ಬೇಕೇ ಬೇಕು. ರುಬ್ಬುವಾಗ ನೀರು ಸೇರಿಸಬೇಡಿ. ಒಂದು ಹಿಡಿ ತಗೊಂಡು ಅಂಗೈಯಲ್ಲಿ ಒತ್ತಿ, ಕೈ ಬಿಚ್ಚಿ. ಬೆರಳಿನ ಗುರುತು ಹಾಗೇ ನಿಂತರೆ ಸರಿ. ಉದುರಿದರೆ ಮಿಕ್ಸಿಯಲ್ಲಿ ಇನ್ನೆರಡು ಸುತ್ತು ತಿರುಗಿಸಿ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಆಮೇಲೆ ಕರಿಯಿರಿ, ಮೊದಲು ಒಂದೇ ಒಂದು ಬಿಟ್ಟು ನೋಡಿ.